ಬಿದ್ದ ಮೇಲೆ ಗರಗಸ, ನಿಂತಿರುವಾಗ ಅನಾಸ್ಥೆ

ಬೆಂಗಳೂರು: 2024ರ ಜೂನ್ 2ರಂದು ರಾಜಧಾನಿಯಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಮಟ್ಟಿಗೆ 133 ವರ್ಷಗಳ ದಾಖಲೆಯನ್ನು ಮುರಿದ ಆ ಗಾಳಿಮಳೆಗೆ ನಗರದ ನೂರಾರು ಮರಗಳು ಧರೆಗುರುಳಿದವು. 2025ರ ಜೂನ್‌ನಲ್ಲಿ ನಗರದ ದಕ್ಷಿಣ ಭಾಗದ ಬಡಾವಣೆಯೊಂದರಲ್ಲಿ ಕೊಂಬೆ ಮುರಿದು ತಲೆಯ ಮೇಲೆ ಬಿದ್ದು ತೀವ್ರವಾಗಿ ಗಾಯಗೊಂಡ ದ್ವಿಚಕ್ರ ವಾಹನ ಸವಾರನೊಬ್ಬ ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ಅಸುನೀಗಿದ.

ಇಂತಹ ಪ್ರತಿ ದುರಂತದ ಬಳಿಕವೂ ಎರಡು ಕೂಗುಗಳು ಕೇಳಿಬರುತ್ತವೆ. ಹಳೆಯ ಮರಗಳನ್ನೆಲ್ಲ ಕಡಿದುಹಾಕಿ ಎಂಬುದು ಒಂದು. ಒಂದು ರೆಂಬೆಯನ್ನೂ ಮುಟ್ಟಬೇಡಿ ಎಂಬುದು ಇನ್ನೊಂದು. ಈ ಎರಡರ ಗದ್ದಲದಲ್ಲಿ ಮೂಲ ಪ್ರಶ್ನೆಯೇ ಕಳೆದುಹೋಗುತ್ತದೆ. ನೆಟ್ಟ ದಿನದಿಂದ ಉರುಳಿದ ದಿನದವರೆಗಿನ ನಾಲ್ಕೈದು ದಶಕಗಳಲ್ಲಿ ಆ ಮರವನ್ನು ನೋಡಿಕೊಂಡವರು ಯಾರು?

ಹಿತಕರ ಹವೆ, ಇಕ್ಕಟ್ಟಿನ ನೆಲ

ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರಿಗೆ ಸುಡುಬಿಸಿಲೂ ಅಪರೂಪ, ಕೊರೆಯುವ ಚಳಿಯೂ ಅಪರೂಪ. ಏಪ್ರಿಲ್-ಮೇ ತಿಂಗಳ ಗುಡುಗುಮಳೆ, ನಂತರ ಮುಂಗಾರು, ಕೊನೆಗೆ ಹಿಂಗಾರು ಎಂದು ವರ್ಷದ ಏಳೆಂಟು ತಿಂಗಳು ಮಣ್ಣಿಗೆ ನೀರುಣಿಸುವ ಹವಾಮಾನ ಇದು. ಹೀಗಾಗಿಯೇ ದೂರದೇಶದ ಮರಗಳೂ ಇಲ್ಲಿ ಬೇರೂರಿದವು. 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನ್ ತೋಟಗಾರಿಕಾ ತಜ್ಞ ಜಿ.ಎಚ್. ಕ್ರುಂಬಿಗಲ್, ಒಂದರ ನಂತರ ಒಂದರಂತೆ ವರ್ಷವಿಡೀ ಹೂವರಳುವ ಸಾಲುಮರಗಳ ಕಲ್ಪನೆಯನ್ನು ನಗರಕ್ಕೆ ಕೊಟ್ಟರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ನೇತೃತ್ವದಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ಬೀದಿಬೀದಿಗಳಲ್ಲಿ ನೆಡಲಾಯಿತು.

ಆ ತಲೆಮಾರಿನ ಮರಗಳಿಗೆ ಈಗ ನಲವತ್ತು ವರ್ಷ ತುಂಬಿದೆ. ಮಡಗಾಸ್ಕರ್ ಮೂಲದ ಗುಲ್‌ಮೊಹರ್, ಅಮೆರಿಕ ಖಂಡದ ಉಷ್ಣ ವಲಯದಿಂದ ಬಂದ ಮಳೆಮರ, ನಮ್ಮದೇ ಹೊಂಗೆ ಮತ್ತು ಬೇವು ಒಟ್ಟೊಟ್ಟಿಗೇ ಪ್ರೌಢಾವಸ್ಥೆಗೆ ಬಂದು ನಿಂತಿವೆ. ಅವು ಬೆಳೆದು ದೊಡ್ಡದಾಗುತ್ತಿದ್ದ ಕಾಲದಲ್ಲೇ ಅವುಗಳ ಸುತ್ತಲಿನ ಮಣ್ಣು ಮಾತ್ರ ಕಿರಿದಾಗುತ್ತ ಬಂದಿದೆ.

ಬೇರಿಗೆ ಬೀಳುವ ಏಟು

ಮರದ ಬೇರು ಪಾತಾಳಕ್ಕಿಳಿದಿರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ವಾಸ್ತವದಲ್ಲಿ ನೀರು ಮತ್ತು ಪೋಷಕಾಂಶ ಹೀರುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಇರುತ್ತವೆ; ಕೊಂಬೆಗಳ ನೆರಳನ್ನೂ ದಾಟಿ ಅಡ್ಡಡ್ಡ ಹರಡಿರುತ್ತವೆ. ಚರಂಡಿ, ಕುಡಿಯುವ ನೀರಿನ ಕೊಳವೆ, ದೂರಸಂಪರ್ಕ ಕೇಬಲ್ ಎಂದು ಒಂದಾದ ಮೇಲೊಂದು ಇಲಾಖೆ ಅಗೆಯುವುದೂ ಇದೇ ಎರಡು ಅಡಿಯನ್ನು. ಬುಡಕ್ಕೆ ಒತ್ತಿಕೊಂಡು ಜೆಸಿಬಿ ಒಂದು ಕಾಲುವೆ ತೋಡಿತೆಂದರೆ, ಮರವನ್ನು ಆ ದಿಕ್ಕಿನಿಂದ ಹಿಡಿದಿಟ್ಟ ಹಗ್ಗ ಕಡಿದಂತೆಯೇ ಸರಿ.

ಮರ ಆ ದಿನವೇ ಬೀಳುವುದಿಲ್ಲ. ಎಲೆಗಳೂ ಹಸಿರಾಗಿಯೇ ಇರುತ್ತವೆ. ಕತ್ತರಿಸಿದ ಬೇರಿನ ತುದಿಯಿಂದ ಶಿಲೀಂಧ್ರ ಒಳಹೊಕ್ಕು ಕೊಳೆ ಬುಡದತ್ತ ಸರಿಯಲು ವರ್ಷಗಳೇ ಬೇಕು. ಕೊನೆಗೊಂದು ಮೇ ತಿಂಗಳ ಸಂಜೆ ಮಣ್ಣು ನೆನೆದು ಸಡಿಲವಾಗಿ, ಬಿರುಗಾಳಿ ತುಂಬು ತಲೆಯನ್ನು ತಳ್ಳಿದಾಗ ಮರ ಬುಡಸಮೇತ ಒರಗುತ್ತದೆ. ವರದಿಯಲ್ಲಿ ‘ಮಳೆಗೆ ಮರ ಬಲಿ’ ಎಂದಾಗುತ್ತದೆ. ಅಗೆದವರ ಹೆಸರು ಅಷ್ಟರಲ್ಲಿ ಕಡತದಲ್ಲೂ ಉಳಿದಿರುವುದಿಲ್ಲ.

ಕಾಂಡಕ್ಕೆ ತಾಗಿಸಿ ಸಿಮೆಂಟ್ ಸುರಿಯುವುದು ಇನ್ನೊಂದು ಅಪಚಾರ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮರದ ಬುಡದ ಸುತ್ತ ಒಂದು ಮೀಟರ್ ವ್ಯಾಪ್ತಿಯ ಕಾಂಕ್ರೀಟ್ ತೆರವುಗೊಳಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರ ಏಪ್ರಿಲ್‌ನಲ್ಲಿ ದೆಹಲಿಯ ಪ್ರಕರಣವೊಂದರಲ್ಲಿ ಆದೇಶಿಸಿತ್ತು. ಬೆಂಗಳೂರಿನ ಬಡಾವಣೆಗಳಿಗೂ ಬೇಕಿರುವುದು ಅದೇ ಒಂದು ಮೀಟರ್ ಮಣ್ಣು.

ಸವರುವುದೋ, ಬೋಳಿಸುವುದೋ?

ನೆಲದಡಿಯ ಕಥೆ ಹೀಗಾದರೆ ಮೇಲಿನದು ಇನ್ನೊಂದು ಬಗೆ. ವಿದ್ಯುತ್ ತಂತಿಯ ಬದಿಯ ಕೊಂಬೆಗಳನ್ನಷ್ಟೇ ಕತ್ತರಿಸುತ್ತ ಹೋದರೆ ಭಾರವೆಲ್ಲ ಮನೆಗಳ ಕಡೆಗೆ ವಾಲುತ್ತದೆ. ತುದಿಯನ್ನು ಸಾರಾಸಗಟಾಗಿ ಬೋಳಿಸಿದರೆ ಅಪಾಯ ತಪ್ಪಿತೆಂದು ನಿವಾಸಿಗಳು ನಿಟ್ಟುಸಿರು ಬಿಡುತ್ತಾರೆ. ಆದರೆ ಆ ಮೊಂಡು ತುದಿಯಿಂದ ಗೊಂಚಲಾಗಿ ಚಿಗುರುವ ಹೊಸ ಕೊಂಬೆಗಳಿಗೆ ಕಾಂಡದೊಳಗೆ ಗಟ್ಟಿ ಹಿಡಿತವಿರುವುದಿಲ್ಲ. ಮೂರ್ನಾಲ್ಕು ವರ್ಷಗಳಲ್ಲಿ ಅವೇ ದಪ್ಪವಾಗಿ, ಮೊದಲಿಗಿಂತ ಸುಲಭವಾಗಿ ಮುರಿದು ಬೀಳುತ್ತವೆ.

ಮರದ ಗಾಯ ಮನುಷ್ಯನ ಗಾಯದಂತೆ ಮಾಯುವುದಿಲ್ಲ, ಅದನ್ನು ಮರ ಸುತ್ತುಗಟ್ಟಿ ಮುಚ್ಚಿಹಾಕುತ್ತದೆ ಎಂಬುದನ್ನು ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಅಲೆಕ್ಸ್ ಶೈಗೊ ತೋರಿಸಿಕೊಟ್ಟರು. ಕೊಂಬೆ ಕಾಂಡವನ್ನು ಕೂಡುವೆಡೆ ಕಾಣುವ ಉಬ್ಬು ಈ ರಕ್ಷಣೆಯ ನೆಲೆ. ಉಬ್ಬನ್ನು ಉಳಿಸಿ ಅದರ ಹೊರಗೆ ಕತ್ತರಿಸಬೇಕು. ಮೊಳದುದ್ದದ ಮೋಟು ಬಿಡಲೂಬಾರದು. ಭಾರದ ಕೊಂಬೆಯಾದರೆ ಮೊದಲು ಅಡಿಯಿಂದ ಅರ್ಧ ಕೊಯ್ದು, ತುಸು ಮುಂದೆ ಮೇಲಿನಿಂದ ಕತ್ತರಿಸಿ, ಕೊನೆಗೆ ಮೋಟನ್ನು ತೆಗೆದರೆ ತೊಗಟೆ ಸೀಳುವುದಿಲ್ಲ. ಒಮ್ಮೆಗೆ ಹಸಿರಿನ ಕಾಲುಭಾಗಕ್ಕಿಂತ ಹೆಚ್ಚು ತೆಗೆಯುವುದು ಸಲ್ಲದು. ವಯಸ್ಸಾದ ಮರಕ್ಕೆ ಅದೂ ಅತಿಯಾದೀತು. ಗಾಯಕ್ಕೆ ಡಾಂಬರು ಬಳಿಯುವುದರಿಂದ ಪ್ರಯೋಜನವಿಲ್ಲ.

ಕಾಲವೂ ಮುಖ್ಯ. ತೇವದ ದಿನಗಳಲ್ಲಿ ಹಸಿಗಾಯಕ್ಕೆ ಶಿಲೀಂಧ್ರ ಬೇಗ ಅಂಟುತ್ತದೆ. ಆದ್ದರಿಂದ ಸವರುವ ಕೆಲಸ ಜನವರಿ-ಫೆಬ್ರುವರಿಯ ಒಣಹವೆಯಲ್ಲಿ, ಮೊದಲ ಗುಡುಗುಮಳೆಗೆ ಮುನ್ನ ಮುಗಿಯಬೇಕು. ಮಳೆ ಶುರುವಾದ ಮೇಲೆ ಗರಗಸ ಹಿಡಿದು ಓಡಾಡುವುದು ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಕಾಯ್ದೆಯಲ್ಲಿದೆ, ಆಚರಣೆಯಲ್ಲಿಲ್ಲ

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮನೆಯ ಆವರಣದೊಳಗಿನ ಮರವನ್ನು ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂತಹ ಕೆಲವು ಜಾತಿಗಳಿಗೆ ಮಾತ್ರ ವಿನಾಯಿತಿ. 50ಕ್ಕಿಂತ ಹೆಚ್ಚು ಮರಗಳನ್ನು ಕಡಿಯುವುದಾದರೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಆಕ್ಷೇಪಣೆ ಆಹ್ವಾನಿಸಬೇಕು. ಜನರಿಗೆ ಪರಿಚಿತವಾಗಿರುವುದು ಕಾಯ್ದೆಯ ಈ ಮುಖ ಮಾತ್ರ. ವ್ಯಾಪ್ತಿಯೊಳಗಿನ ಮರಗಳ ಸಂರಕ್ಷಣೆ ಹಾಗೂ ಗಣತಿ ವೃಕ್ಷ ಪ್ರಾಧಿಕಾರದ ಕರ್ತವ್ಯ ಎಂದೂ ಅದೇ ಕಾಯ್ದೆ ಹೇಳುತ್ತದೆ ಎಂಬುದು ಗಮನಾರ್ಹ. ಕಡಿಯಲು ಅರ್ಜಿ, ಬಿದ್ದಾಗ ದೂರು. ನಡುವಿನ ಆರೋಗ್ಯ ತಪಾಸಣೆಗೆ ಮಾತ್ರ ದಿನಚರಿಯಲ್ಲಿ ಜಾಗವಿಲ್ಲ.

2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದವು. ಪಾಲಿಕೆ ಚಿಕ್ಕದಾದಷ್ಟೂ ಪ್ರತಿ ಬೀದಿಯ ಮರದ ಲೆಕ್ಕವಿಡುವುದು ಸುಲಭವಾಗಬೇಕು. ರಸ್ತೆ ಅಗೆಯಲು ಅನುಮತಿ ನೀಡುವಾಗಲೇ ಬೇರಿನ ವಲಯವನ್ನು ಗುರುತಿಸಿ, ಅಲ್ಲಿ ಯಂತ್ರದ ಬದಲು ಕೈಯಿಂದ ಅಗೆಯಬೇಕೆಂಬ ಷರತ್ತು ವಿಧಿಸಲು ಹೊಸ ಕಾಯ್ದೆಯೇನೂ ಬೇಕಿಲ್ಲ. ಸವರುವ ಸಿಬ್ಬಂದಿಗೆ ತರಬೇತಿ ಕೊಡುವುದೂ ಗಗನಕುಸುಮವಲ್ಲ.

ನಿವಾಸಿಗಳ ಪಾಲೂ ಇದೆ

ಮನೆ ಮುಂದಿನ ಮರವನ್ನು ದಿನವೂ ನೋಡುವವರು ಅಧಿಕಾರಿಗಳಲ್ಲ, ನಿವಾಸಿಗಳು. ಬುಡದಲ್ಲಿ ತಟ್ಟೆಯಂತೆ ಚಾಚಿದ ಗಟ್ಟಿ ಅಣಬೆ, ಒಂದು ಬದಿಯಲ್ಲಿ ಬಿರುಕುಬಿಟ್ಟು ಮೇಲೆದ್ದ ಮಣ್ಣು, ಇತ್ತೀಚೆಗೆ ಕಾಣಿಸಿಕೊಂಡ ವಾಲು, ತುದಿಯಲ್ಲಿ ಒಣಗಿದ ಕೊಂಬೆಗಳು: ಇವು ಕೂಡಲೇ ತಿಳಿಸಬೇಕಾದ ಲಕ್ಷಣಗಳು. ಎಳವೆಯಿಂದಲೇ ಬಾಗಿ ಬೆಳೆದ ಮರ ಅಥವಾ ಸಣ್ಣ ಪೊಟರೆಯುಳ್ಳ ಮರ ಅಷ್ಟಕ್ಕೇ ಅಪಾಯಕಾರಿಯಲ್ಲ. ಬುಡದಲ್ಲಿ ಕಸ ಸುಡದಿರುವುದು, ಮೊಳೆ ಹೊಡೆಯದಿರುವುದು, ಕಟ್ಟೆ ಕಟ್ಟಿ ಮಣ್ಣು ಪೇರಿಸಿ ಕಾಂಡವನ್ನು ಹೂಳದಿರುವುದು ಖರ್ಚಿಲ್ಲದ ಆರೈಕೆ.

ಹಾಗೆಂದು ಯಾವ ಮರವನ್ನೂ ಕಡಿಯಲೇಬಾರದೆಂದಲ್ಲ. ಬುಡ ಕೊಳೆತು ಮನೆಯತ್ತ ವಾಲಿದ ಮರವನ್ನು ತೆಗೆಯಲೇಬೇಕು, ಅದರ ಜಾಗದಲ್ಲಿ ಇನ್ನೊಂದನ್ನು ನೆಡಲೇಬೇಕು. ಆದರೆ ಆ ಸಸಿ ಹಿರಿಯ ಮರದ ಸ್ಥಾನ ತುಂಬಲು ದಶಕಗಳು ಬೇಕು. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಬೆಂಗಳೂರಿನ ಮರಗಳಿರುವ ರಸ್ತೆಗಳಲ್ಲಿ ಮಧ್ಯಾಹ್ನದ ಗಾಳಿಯ ಉಷ್ಣತೆ, ಮರಗಳಿಲ್ಲದ ಕಡೆಗಿಂತ 5.6 ಡಿಗ್ರಿ ಸೆಲ್ಸಿಯಸ್‌ನವರೆಗೂ ಕಡಿಮೆಯಿತ್ತು. ಭಯದಿಂದ ಕಡಿಸಿದ ಒಂದೊಂದು ಮರವೂ ಆ ತಂಪಿನ ಒಂದೊಂದು ಪಾಲನ್ನು ಕಸಿಯುತ್ತದೆ. ಆರೈಕೆಯಿಲ್ಲದೆ ಬಿಟ್ಟ ಮರ ಜೀವವನ್ನೇ ಕಸಿಯಬಹುದು.

ಸಸಿ ನೆಡುವ ದಿನ ಭಾಷಣವಿರುತ್ತದೆ, ಛಾಯಾಚಿತ್ರವಿರುತ್ತದೆ. ನಲವತ್ತು ವರ್ಷದ ಮರವನ್ನು ಫೆಬ್ರುವರಿಯ ಬೆಳಿಗ್ಗೆ ತಪಾಸಣೆ ಮಾಡುವ ಕೆಲಸಕ್ಕೆ ಇವೆರಡೂ ಇಲ್ಲ. ಮುಂದಿನ ಮೇ ತಿಂಗಳಲ್ಲಿ ನಗರದ ಬೀದಿಗಳು ಎಷ್ಟು ಸುರಕ್ಷಿತವಾಗಿರುತ್ತವೆ ಎಂಬುದು ಮಾತ್ರ ಅದನ್ನೇ ಅವಲಂಬಿಸಿದೆ.