ಅರ್ಥಶಾಸ್ತ್ರದ ಪತ್ರಿಕೆಗೆ ನಾಗಸಂದ್ರದ ವಿಳಾಸವಿಲ್ಲವೇ?

ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳಲ್ಲಿ ವಿದ್ಯಾರ್ಥಿಗಳೇ ಪತ್ರಿಕೆ ನಡೆಸುವ ರೂಢಿ ಬೆಳೆಯುತ್ತಿದೆ. ಸಂಪಾದಕರು ಅವರೇ, ಲೇಖಕರು ಅವರೇ, ಕರಡು ತಿದ್ದುವವರೂ ಅವರೇ. ನೋಟ್ಸ್ ಉರುಹೊಡೆದು ಪರೀಕ್ಷೆ ಬರೆದು ಮರೆತುಬಿಡುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಇಂಥ ಕೆಲವು ಸಂಚಿಕೆಗಳನ್ನು ತಿರುವಿ ಹಾಕಿದ ನಮಗೆ ಒಂದು ಸಂಶಯ ಉಳಿದುಕೊಂಡಿದೆ. ಇವು ಯಾವ ಊರಿನ ಪತ್ರಿಕೆಗಳು? ಅಮೆರಿಕದ ಬಡ್ಡಿದರವಿದೆ, ಕ್ರಿಪ್ಟೊ ಕರೆನ್ಸಿ ಇದೆ, ಯುರೋಪಿನ ಸಾಲದ ಕಥೆಯಿದೆ. ಬೆಂಗಳೂರು ಮಾತ್ರ ಇಲ್ಲ. ಕನ್ನಡವಂತೂ ಹೆಸರಿಗೂ ಇಲ್ಲ.

ನಾವಿರುವುದು ನಾಗಸಂದ್ರದಲ್ಲಿ. 2015ರ ಮೇ ತಿಂಗಳಲ್ಲಿ ಮೆಟ್ರೊ ಇಲ್ಲಿಗೆ ಬಂತು. 2024ರ ನವೆಂಬರಿನಲ್ಲಿ ಮಾದಾವರದವರೆಗೆ ಮುಂದುವರಿಯುವ ತನಕ ಹಸಿರು ಮಾರ್ಗದ ಕೊನೆಯ ನಿಲ್ದಾಣ ನಮ್ಮದೇ ಆಗಿತ್ತು. 2022ರಲ್ಲಿ ಐಕಿಯಾ ಮಳಿಗೆ ತೆರೆದಾಗ ನಗರದ ಜನವೆಲ್ಲ ನಾಗಸಂದ್ರವನ್ನು ಹೊಸದಾಗಿ ಕಂಡುಹಿಡಿದರು. ಅದೇ ರೈಲಿನಲ್ಲಿ ಅವರು ಹಾದುಬಂದ ಪೀಣ್ಯ 1970ರ ದಶಕದಿಂದಲೂ ಅಲ್ಲೇ ಇದೆ. ಅದನ್ನು ಕಂಡುಹಿಡಿಯಲು ಯಾರಿಗೂ ಆತುರವಿದ್ದಂತಿಲ್ಲ.

ಪೀಣ್ಯದ ಶೆಡ್ಡುಗಳಲ್ಲಿ ನಡೆಯುವುದು ಹೆಚ್ಚಾಗಿ ಜಾಬ್‌ವರ್ಕ್. ದೊಡ್ಡ ಕಂಪೆನಿ ಕಬ್ಬಿಣವನ್ನೂ ನಕ್ಷೆಯನ್ನೂ ಕಳುಹಿಸುತ್ತದೆ. ಶೆಡ್ಡಿನವರು ಕಡೆದು, ಕೊರೆದು, ಲೇಪ ಹಚ್ಚಿ ವಾಪಸು ಕಳುಹಿಸುತ್ತಾರೆ. ಬೆಲೆ ಒಂದೊಂದು ಪೀಸಿಗೆ ಇಷ್ಟು ಎಂದು. ಮಾಲು ಮುಟ್ಟಿದ 45 ದಿನಗಳೊಳಗೆ ಹಣ ಕೊಡಬೇಕು, ತಪ್ಪಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕಟ್ಟಬೇಕು ಎಂದು 2006ರ ಸಣ್ಣ ಕೈಗಾರಿಕೆಗಳ ಕಾಯ್ದೆ ಹೇಳುತ್ತದೆ. ಇಷ್ಟು ಗಟ್ಟಿ ಕಾನೂನಿದ್ದೂ ಶೆಡ್ಡಿನ ಮಾಲೀಕ ಮೂರು ತಿಂಗಳು ಬಿಲ್ಲಿಗಾಗಿ ಕಾಯುತ್ತಾನೆ, ದೂರು ಕೊಡುವುದಿಲ್ಲ. ದೂರು ಕೊಟ್ಟರೆ ಮುಂದಿನ ಆರ್ಡರ್ ಪಕ್ಕದ ಶೆಡ್ಡಿಗೆ ಹೋಗುತ್ತದೆ. ಕಾದಷ್ಟು ದಿನ ಅವನು ಕೈಸಾಲ ಮಾಡುತ್ತಾನೆ, ಆ ಸಾಲದ ಭಾರ ಕೊನೆಗೆ ಲೇತಿನ ಮುಂದೆ ನಿಂತವನ ಓವರ್‌ಟೈಮಿನ ಮೇಲೆ ಬೀಳುತ್ತದೆ. ಬೇರೆಯವರ ಬಂಡವಾಳವನ್ನು ಬಡವ ಬಡ್ಡಿಯಿಲ್ಲದೆ ಹೊರುವ ಈ ವ್ಯವಸ್ಥೆ ಅರ್ಥಶಾಸ್ತ್ರವಲ್ಲದಿದ್ದರೆ ಅರ್ಥಶಾಸ್ತ್ರ ಯಾವುದು? ಇದರ ಬಗ್ಗೆ ಬರೆಯಲು ವಿದೇಶಿ ವಿದ್ವಾಂಸರು ಬರಬೇಕಾಗಿಲ್ಲ. ವಿದ್ಯಾರ್ಥಿಯ ಬಳಿ ಒಂದು ಬಸ್ ಪಾಸ್ ಇದ್ದರಾಯಿತು.

2016ರ ಏಪ್ರಿಲ್ 18 ಮತ್ತು 19ರಂದು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಬೆಂಗಳೂರಿನ ರಸ್ತೆಗಳಿಗೆ ಇಳಿದದ್ದು ನೆನಪಿದೆಯೇ? ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರಕಾರ ನಿಯಮ ಮಾಡಿತ್ತು. ನಲವತ್ತು ದಾಟುವ ಮೊದಲೇ ಕಣ್ಣು, ಬೆನ್ನು ಸೋತು ಕೆಲಸ ಬಿಡುವವರಿಗೆ 58ರ ಲೆಕ್ಕ ಅಪಹಾಸ್ಯವಾಗಿ ಕೇಳಿಸಿತು. ಎರಡನೆಯ ದಿನವೇ ಸರಕಾರ ನಿಯಮ ಹಿಂದಕ್ಕೆ ಪಡೆಯಿತು. ಮರುದಿನದ ಸುದ್ದಿಗಳಲ್ಲಿ ಸುಟ್ಟ ಬಸ್ಸುಗಳ ಚಿತ್ರಗಳೇ ದೊಡ್ಡದಾಗಿದ್ದವು. ಆ ಹೆಣ್ಣುಮಕ್ಕಳು ಆ ಹಣವನ್ನು ಯಾವುದಕ್ಕೆಂದು ತೆಗೆಯುತ್ತಿದ್ದರು? ಮಗಳ ಫೀಸಿಗೋ, ಮನೆ ಬಾಡಿಗೆಯ ಅಡ್ವಾನ್ಸಿಗೋ, ಹಳೆಯ ಸಾಲಕ್ಕೋ? ನಾವು ನೋಡಿದ ಸಂಚಿಕೆಗಳಲ್ಲಿ ಒಬ್ಬ ವಿದ್ಯಾರ್ಥಿಯೂ ಈ ಪ್ರಶ್ನೆ ಕೇಳಿರಲಿಲ್ಲ.

ಕೇಳಿದವನೊಬ್ಬ ನಮಗೆ ಗೊತ್ತು. ನಮ್ಮ ಬೀದಿಯ ಹುಡುಗ, ಹಗಲು ಶೆಡ್ಡಿನಲ್ಲಿ ದುಡಿದು ಸಂಜೆ ಕಾಲೇಜಿಗೆ ಹೋಗುವವನು. ಐದು ವರ್ಷಗಳ ಪೀಸ್ ರೇಟುಗಳನ್ನು ಹಳೆಯ ಚಲನ್‌ಗಳಿಂದ ಕೂಡಿಸಿ, ಅಕ್ಕಿಯ ಬೆಲೆಯ ಪಕ್ಕದಲ್ಲಿಟ್ಟು, ಕನ್ನಡದಲ್ಲಿ ಹನ್ನೊಂದು ಪುಟ ಬರೆದ. ಒಂದು ವಿದ್ಯಾರ್ಥಿ ಪತ್ರಿಕೆಗೆ ಕಳುಹಿಸಿದ. ಇಂಗ್ಲಿಷಿನಲ್ಲಿ ಬರೆಯಿರಿ, ಮಾದರಿಯೊಂದನ್ನು ಅಳವಡಿಸಿರಿ ಎಂಬ ಎರಡು ಸಾಲಿನ ಉತ್ತರದೊಂದಿಗೆ ಅದು ಮರಳಿತು. ತಿರಸ್ಕರಿಸುವುದು ಸಂಪಾದಕರ ಹಕ್ಕು, ಒಪ್ಪುತ್ತೇವೆ. ಆದರೆ ಲೇಖನದ ಒಂದು ಅಂಕಿಯನ್ನಾದರೂ ಅವರು ಪ್ರಶ್ನಿಸಿದ್ದರೆ ಓದಿದ್ದಾರೆಂಬ ಸಮಾಧಾನವಾದರೂ ಅವನಿಗೆ ಸಿಗುತ್ತಿತ್ತು.

ಇಂಥ ಹುಡುಗನಿಗೆ ಅರ್ಥಶಾಸ್ತ್ರದಲ್ಲಿ ಜಾಗವಿಲ್ಲವೆನ್ನುವವರು ಅಬ್ಬಾ ಲರ್ನರ್ ಅವರ ಕಥೆ ಓದಬೇಕು. ಲಂಡನ್ನಿನ ಬಡ ಯಹೂದಿ ವಲಸಿಗರ ಕೇರಿಯಲ್ಲಿ ಬೆಳೆದವರು. ಟೋಪಿ ಹೊಲಿದರು, ಪಾಠ ಹೇಳಿದರು, ಮುದ್ರಣಾಲಯ ಇಟ್ಟು ದಿವಾಳಿಯಾದರು. 1929ರಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿನ ಸಂಜೆ ತರಗತಿಗೆ ಸೇರಿದರು. ನಾಲ್ಕೇ ವರ್ಷಗಳಲ್ಲಿ, 1933ರಲ್ಲಿ, ತಮ್ಮಂಥ ಇತರ ಯುವಕ ಯುವತಿಯರೊಂದಿಗೆ ‘ರಿವ್ಯೂ ಆಫ್ ಇಕನಾಮಿಕ್ ಸ್ಟಡೀಸ್’ ಆರಂಭಿಸಿದರು. ಇಂದು ಅದು ಜಗತ್ತಿನ ಅತ್ಯುನ್ನತ ಅರ್ಥಶಾಸ್ತ್ರ ಪತ್ರಿಕೆಗಳಲ್ಲೊಂದು. ನಮ್ಮ ಪ್ರಾಧ್ಯಾಪಕರು ಅದರ ಹೆಸರನ್ನು ಭಯಭಕ್ತಿಯಿಂದ ಉಚ್ಚರಿಸುತ್ತಾರೆ, ಅದನ್ನು ಹುಟ್ಟುಹಾಕಿದವರಲ್ಲಿ ಒಬ್ಬ ಸಂಜೆ ಕಾಲೇಜಿನ ಹುಡುಗನಿದ್ದನೆಂದು ಹೇಳುವುದಿಲ್ಲ.

ಕನ್ನಡದಲ್ಲಿ ಗಂಭೀರ ವಿಷಯ ಬರೆಯಲಾಗದು ಎನ್ನುವ ವಾದವೂ ಹಳೆಯದೇ. ಮೇಲಿನ ತರಗತಿಗಳೆಲ್ಲ ಇಂಗ್ಲಿಷಿನಲ್ಲೇ ನಡೆಯುತ್ತಿದ್ದ 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘವು ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳತ್ವದಲ್ಲಿ ‘ಪ್ರಬುದ್ಧ ಕರ್ನಾಟಕ’ವನ್ನು ತಂದಿತು. ಇನ್ನೂ ಒಂದು ಸ್ವಾರಸ್ಯವಿದೆ. 1915ರಲ್ಲಿ ಸಾಹಿತ್ಯ ಪರಿಷತ್ತು ಹುಟ್ಟುವುದಕ್ಕೆ ಕಾರಣವಾದ ಸಂಸ್ಥೆಗಳಲ್ಲಿ ಮೈಸೂರಿನ ಸಂಪದಭ್ಯುದಯ ಸಮಾಜ ಮುಖ್ಯವಾದದ್ದು. ಅಂದರೆ ಸಂಪತ್ತಿನ ಚರ್ಚೆಗೆ ಕೂತವರು ಕನ್ನಡದ ಮನೆ ಕಟ್ಟಿದರು. ಆ ಮನೆಯಲ್ಲಿ ಕವಿಗೋಷ್ಠಿಗೆ ಜಾಗವಿದೆ, ಕೂಲಿಯ ಲೆಕ್ಕಕ್ಕೆ ಜಾಗ ಕಡಿಮೆ.

ಬೈಗುಳವೆಲ್ಲ ವಿದ್ಯಾರ್ಥಿಗಳಿಗೇ ಸಲ್ಲಬಾರದು. ಹಣ ಕೊಟ್ಟರೆ ಏನನ್ನೂ ಅಚ್ಚು ಹಾಕುವ ಪತ್ರಿಕೆಗಳಲ್ಲಿ ಪ್ರಬಂಧ ತುಂಬಿ ಬಡ್ತಿ ಪಡೆದ ಹಿರಿಯರನ್ನು ಅವರು ಕಣ್ಣಾರೆ ಕಂಡಿದ್ದಾರೆ. ನಮ್ಮ ಸಮುದಾಯವೂ ಹೊರತಲ್ಲ. 2006ರ ಸಾಚಾರ್ ವರದಿಯನ್ನು ಉಲ್ಲೇಖಿಸದ ಭಾಷಣ ನಮ್ಮಲ್ಲಿಲ್ಲ. ಆದರೆ ಅದರ ಒಂದು ಅಧ್ಯಾಯವನ್ನು ಹಿಡಿದು ತಮ್ಮದೇ ಬೀದಿಯ ವೆಲ್ಡಿಂಗ್ ಅಂಗಡಿಗಳಿಗೆ ಬ್ಯಾಂಕ್ ಸಾಲ ಸಿಕ್ಕಿದೆಯೇ ಎಂದು ಮನೆಮನೆ ವಿಚಾರಿಸಿದ ಪದವೀಧರರು ಎಷ್ಟು ಮಂದಿ? ಮಗ ಅರ್ಥಶಾಸ್ತ್ರ ಓದುತ್ತೇನೆಂದರೆ ‘ಅದರಿಂದ ಏನು ಕೆಲಸ ಸಿಗುತ್ತದೆ?’ ಎಂದು ಕೇಳುವವರೂ ನಾವೇ.

ವಿದ್ಯಾರ್ಥಿ ಸಂಪಾದಕರಲ್ಲಿ ನಮ್ಮದು ಸಣ್ಣ ಬೇಡಿಕೆ. ಪ್ರತಿ ಸಂಚಿಕೆಯಲ್ಲಿ ನಾಲ್ಕು ಪುಟ ಕನ್ನಡಕ್ಕೆ ಬಿಡಿ, ಆ ಪುಟಗಳಿಗಾಗಿ ಒಬ್ಬರು ಪೀಣ್ಯಕ್ಕೆ ಬನ್ನಿ. ಇಂಗ್ಲಿಷ್ ಪುಟಗಳ ತಂಟೆಗೆ ನಾವು ಬರುವುದಿಲ್ಲ. ಆ ಹುಡುಗನ ಹನ್ನೊಂದು ಪುಟಗಳು ಈಗ ನಮ್ಮ ಬಳಿ ಇವೆ, ಚಲನ್‌ಗಳ ಕಟ್ಟಿನ ಸಮೇತ. ಅವನಿಗೆ ರಜೆ ಭಾನುವಾರ ಮಾತ್ರ.