ಟನ್ನಿನ ಲೆಕ್ಕಕ್ಕೆ ಒಗ್ಗದ ಬೆಳೆ

ಮಳವಳ್ಳಿ ಸೀಮೆಯಲ್ಲಿ ಬೆಳೆ ಹೇಗಿದೆ ಅಂತ ಕೇಳಿದರೆ ಉತ್ತರ ಟನ್ನಿನಲ್ಲೇ ಬರುತ್ತದೆ. 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂದಾಗಿನಿಂದ ಬೆಳೆದ ರೂಢಿ ಇದು. ಅಂಥ ಕಡೆ ನೀರು ಕಡಿಮೆ ಕೊಡಿ, ಬಿಟ್ಟ ಗೊಂಚಲಲ್ಲೇ ಒಂದಿಷ್ಟು ಕಿತ್ತು ಬಿಸಾಡಿ ಎಂದರೆ ಯಾರು ಕೇಳುತ್ತಾರೆ? ವೈನ್ ದ್ರಾಕ್ಷಿ ಕೇಳುವುದು ಇದನ್ನೇ.

ಆದರೂ ಇದೇ ಸೀಮೆಯ ಪೂರಿಗಾಲಿಯಂಥ ಊರಿಗೆ ಈ ಬೆಳೆ ತೀರಾ ಪರಕೀಯವಲ್ಲ. ಕಾವೇರಿ ನೀರನ್ನು ಹನಿ, ತುಂತುರು ಪದ್ಧತಿಯಲ್ಲಿ ಹೊಲಗಳಿಗೆ ಕೊಡುವ ಯೋಜನೆಯೊಂದು ಆ ಊರಿನ ಹೆಸರಿನಲ್ಲೇ ಇದೆ. ಅಳೆದು ಕೊಡುವ ನೀರು ಭತ್ತಕ್ಕೆ ಸಾಲದು, ದ್ರಾಕ್ಷಿಗೆ ಧಾರಾಳ. ಕಾವೇರಿ ಕಣಿವೆಯಲ್ಲಿ ಆಲ್ಪೈನ್ ವೈನರಿಯವರು ಬೋರ್ಡೊದ ತಜ್ಞ ಸ್ಟೆಫಾನ್ ಡೆರೆನೊಂಕೂರ್ ಅವರ ಸಲಹೆ ಪಡೆದು ವೈನ್ ಮಾಡಿದ್ದೂ ಉಂಟು.

ಚಳಿ ದೇಶಗಳಲ್ಲಿ ಬಳ್ಳಿ ಹಿಮಗಾಲದಲ್ಲಿ ಎಲೆ ಉದುರಿಸಿ ಮಲಗುತ್ತದೆ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಕತ್ತರಿಯೇ ಅದರ ಋತುಮಾನ. ಏಪ್ರಿಲ್‌ನಲ್ಲಿ ಒಮ್ಮೆ ಸವರಿದರೆ ಕಡ್ಡಿ ಬಲಿತು ಒಳಗೇ ಹೂಮೊಗ್ಗು ಕಟ್ಟುತ್ತದೆ. ಮಳೆಗಾಲ ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಸವರಿದರೆ ಅದೇ ಕಡ್ಡಿಯಲ್ಲಿ ಫಲ. ಮಂಡ್ಯದ ತಾಪತ್ರಯ ಇರುವುದು ಇಲ್ಲೇ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲೇ ಇಲ್ಲಿ ಮಳೆ ಜೋರು. ಚಿಗುರೆಲೆಯ ಮೇಲೆ ಎಣ್ಣೆ ತಾಗಿದಂಥ ಹಳದಿ ಮಚ್ಚೆ ಕಂಡಿತೆಂದರೆ ಮಗುಚಿ ನೋಡಬೇಕು. ಅಡಿಯಲ್ಲಿ ಬಿಳಿ ಬೂಜಿದ್ದರೆ ರೋಗ ಆಗಲೇ ತೋಟ ಹೊಕ್ಕಿದೆ. ಹೂವಿಗೆ ಹತ್ತಿದರೆ ಆ ವರ್ಷದ ಕಥೆ ಮುಗಿದಂತೆ.

ತಿನ್ನುವ ದ್ರಾಕ್ಷಿಯನ್ನು ಜಿಬ್ಬರೆಲಿಕ್ ಆಮ್ಲದಲ್ಲಿ ಅದ್ದಿ ಉಬ್ಬಿಸುತ್ತಾರೆ. ಶಿರಾಜ್, ಕಾಬರ್ನೆ ಸೊವಿನ್ಯೋ ಹಣ್ಣಿಗೆ ಆ ಉಪಚಾರ ಬೇಡ. ಅದು ಸಣ್ಣದಿದ್ದಷ್ಟೂ ಮೇಲು. ವೈನಿನ ಬಣ್ಣ ಸಿಪ್ಪೆಯದು, ಒಗರು ಸಿಪ್ಪೆ ಮತ್ತು ಬೀಜದ್ದು, ರಸಕ್ಕೆ ಬಣ್ಣವೇ ಇಲ್ಲ. ಕೊಯ್ಲಿನ ದಿನ ಗೊತ್ತುಮಾಡುವುದು ಬ್ರಿಕ್ಸ್ ಮೀಟರು: ಗಾಜಿನ ಮೇಲೆ ಒಂದು ಹನಿ ಹಿಂಡಿ ಬೆಳಕಿಗೆ ಹಿಡಿದಾಗ 22ರಿಂದ 24 ತೋರಿಸಬೇಕು. ಕಬ್ಬಿನ ಹದ ನೋಡುವುದೂ ಇದೇ ಉಪಕರಣದಲ್ಲಿ. ಮಂಡ್ಯದವರಿಗೆ ಇದೊಂದನ್ನು ಹೊಸದಾಗಿ ಕಲಿಸಬೇಕಿಲ್ಲ.

ಕನ್ವಲ್ ಗ್ರೋವರ್ 1980ರ ದಶಕದಲ್ಲಿ ನಂದಿ ಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿ ನೆಟ್ಟಾಗ ಬಂಡವಾಳ, ಬಳ್ಳಿ, ಪೀಪಾಯಿ ಎಲ್ಲ ಒಬ್ಬರ ಕೈಯಲ್ಲೇ ಇದ್ದವು. 2007ರಲ್ಲಿ ರಾಜ್ಯ ಸರ್ಕಾರ ವೈನ್ ನೀತಿ ತಂದಿತು, ಮಂಡಳಿಯೂ ಆಯಿತು. ಎರಡೆಕರೆಯ ರೈತನ ಪ್ರಶ್ನೆ ಮಾತ್ರ ಬೇರೆ. ಕಬ್ಬಿಗೆ ಕೇಂದ್ರ ಗೊತ್ತುಮಾಡಿದ ದರವಿದೆ, ಬಾಕಿ ಉಳಿಸಿಕೊಂಡರೆ ಕಾರ್ಖಾನೆ ಮುಂದೆ ಧರಣಿ ಕೂರಬಹುದು. ಬೆಂಗಳೂರು ನೀಲಿ ದ್ರಾಕ್ಷಿಯಾದರೆ ವೈನರಿ ಬೇಡವೆಂದರೂ ಸಂತೆಯಲ್ಲಿ ಕಿಲೋ ಲೆಕ್ಕದಲ್ಲಿ ಬಿಕರಿಯಾದೀತು. ಶಿರಾಜ್ ಗೊಂಚಲನ್ನು ಮಳವಳ್ಳಿ ಸಂತೆಗೆ ಒಯ್ದರೆ, ರುಚಿ ನೋಡಿದ ಗಿರಾಕಿ ಬೀಜ ಉಗಿದು ಮುಂದಿನ ಅಂಗಡಿಗೆ ಹೋಗುತ್ತಾನೆ. ಆದ್ದರಿಂದ ಸಸಿ ತರುವ ಮೊದಲೇ ವೈನರಿಯ ಜೊತೆ ಕರಾರಾಗಬೇಕು. ಬ್ರಿಕ್ಸ್ ಎಷ್ಟಿದ್ದರೆ ಎಷ್ಟು ದರ, ಮಳೆಗೆ ಸಿಕ್ಕ ಹಣ್ಣು ಯಾರ ಪಾಲು ಎಂಬುದು ಅದರಲ್ಲಿ ಕನ್ನಡದಲ್ಲೇ ಬರೆದಿರಬೇಕು.