ಸೀಸೆಯೊಳಗಿನ ಅಶೋಕ

ರಾಮಾಯಣದ ಪಾಠ ಬಂದಾಗಲೆಲ್ಲ ನಾನು ತರಗತಿಯ ಕಿಟಕಿಯಿಂದ ಕೈ ತೋರಿಸಿ, "ನೋಡಿ ಮಕ್ಕಳೇ, ಅಶೋಕವನದ ತುಂಬ ಇಂಥ ಮರಗಳೇ ಇದ್ದವು" ಎನ್ನುತ್ತಿದ್ದೆ. ನಮ್ಮ ಶಾಲೆಯ ಕಾಂಪೌಂಡಿನ ಉದ್ದಕ್ಕೂ ಕಂಬ ನೆಟ್ಟಂತೆ ನಿಂತಿರುವ ಮರಗಳವು. ಒಂದು ದಿನ ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, "ಇವಕ್ಕೆ ನೆರಳೇ ಇಲ್ವಲ್ಲ ಟೀಚರ್, ರಾವಣ ಯಾಕೆ ಬೆಳೆಸಿದ್ದ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ವಿಜ್ಞಾನದ ಮೇಷ್ಟ್ರನ್ನು ಕೇಳಿದೆ. ಅವರು ನಕ್ಕು, "ಅದು ಅಶೋಕವೇ ಅಲ್ಲ ಮೇಡಂ, ಪಾಲಿಯಾಲ್ಥಿಯಾ. ಸೀತೆಗೂ ಅದಕ್ಕೂ ಸಂಬಂಧವಿಲ್ಲ, ಸೀತಾಫಲದ ಬಳಗ" ಎಂದರು.

ನಿಜವಾದ ಅಶೋಕ ಹುಣಿಸೆಯ ಬಳಗದ್ದು. ಚಿಗುರು ತಾಮ್ರದ ಬಣ್ಣದಲ್ಲಿ ಜೋತುಬೀಳುತ್ತದೆ; ಕಿತ್ತಳೆ ಬಣ್ಣದ ಹೂಗೊಂಚಲು ಬರಬರುತ್ತ ಕೆಂಪಾಗುತ್ತದೆ. ಪಶ್ಚಿಮಘಟ್ಟದಲ್ಲಿ ತಾನಾಗಿ ಬೆಳೆಯುವ ಈ ಮರದ ತೊಗಟೆಗೆ ಹೆಂಗಸರ ಅತಿಸ್ರಾವದ ಔಷಧಿಯೆಂದು ಶತಮಾನಗಳ ಹೆಸರು. ಆ ಹೆಸರೇ ಅದಕ್ಕೆ ಮುಳುವಾಗಿದೆ. ತೊಗಟೆ ಸುಲಿದು ಸುಲಿದು ಮರ ಅಪರೂಪವಾಯಿತು. ಅಳಿವಿನ ಭಯವಿರುವ ಸಸ್ಯಗಳ ಪಟ್ಟಿಗೆ ಸೇರಿತು. ಆದರೆ ಅಂಗಡಿಯಲ್ಲಿ ಸೀಸೆಗೆ ಮಾತ್ರ ಬರವಿಲ್ಲ. ಇದು ಹೇಗೆ? ದಕ್ಷಿಣ ಭಾರತದ ಮಾರುಕಟ್ಟೆಗಳಲ್ಲಿ ಅಶೋಕವೆಂದು ಮಾರುವ ತೊಗಟೆಯನ್ನು ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆಗೆ ಒಡ್ಡಿದಾಗ, ಬಹುಪಾಲು ಬೇರೆ ಮರಗಳದ್ದಾಗಿತ್ತು. ನಾನು ಮಕ್ಕಳಿಗೆ ತಪ್ಪು ಮರ ತೋರಿಸಿದರೆ ಪಾಠವೊಂದು ಕೆಟ್ಟೀತು. ಔಷಧಿಗೇ ತಪ್ಪು ಮರ ಬಂದರೆ ಕೆಡುವುದೇನು?

ನನ್ನ ಸಂಗತಿಯನ್ನೇ ಹೇಳುತ್ತೇನೆ. ನಲವತ್ತಾರರ ಹೊತ್ತಿಗೆ ನನಗೆ ಮುಟ್ಟು ಹತ್ತು ಹನ್ನೆರಡು ದಿನ ನಿಲ್ಲುತ್ತಿರಲಿಲ್ಲ. ಓರಗಿತ್ತಿ, "ಉಷ್ಣ ಅಷ್ಟೇ ಅಕ್ಕ, ಇದನ್ನು ಕುಡೀರಿ" ಎಂದು ಅರಿಷ್ಟದ ಸೀಸೆ ತಂದುಕೊಟ್ಟಳು. ಹದಿನಾಲ್ಕು ತಿಂಗಳು ಕುಡಿದೆ. ಮನೆಯವರ ಸಕ್ಕರೆ ಪರೀಕ್ಷೆಯ ತಾರೀಖು ಮಾತ್ರ ಒಂದೂ ತಪ್ಪಲಿಲ್ಲ. ಅದನ್ನು ನೆನಪಿಡುತ್ತಿದ್ದವಳೂ ನಾನೇ! ಒಂದು ಮಧ್ಯಾಹ್ನ ಬೋರ್ಡಿನ ಮುಂದೆ ಸೀಮೆಸುಣ್ಣ ಹಿಡಿದಂತೆಯೇ ಕುಸಿದೆ. ಹಿಮೋಗ್ಲೋಬಿನ್ ಆರು. ಗರ್ಭಕೋಶದಲ್ಲಿ ಗಡ್ಡೆಗಳು. ಶಸ್ತ್ರಚಿಕಿತ್ಸೆಯಾಗಿ ಬದುಕಿದೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಮುಟ್ಟು ನಿಂತು ಎರಡು ವರ್ಷದ ಮೇಲೆ ಮತ್ತೆ ರಕ್ತ ಕಂಡಿತು. ಅವರೂ ಅದೇ ಸೀಸೆ ಹಿಡಿದರು. ಕ್ಯಾನ್ಸರೆಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ಅವರು ಉಳಿಯಲಿಲ್ಲ.

ತೊಗಟೆಯಲ್ಲಿ ಗುಣವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಅದರಲ್ಲಿ ಟ್ಯಾನಿನ್, ಕ್ಯಾಟೆಚಿನ್ ಮುಂತಾದ ಒಗರಿನ ವಸ್ತುಗಳು ಧಾರಾಳವಾಗಿವೆ. ಒಗರು ಬಿಗಿಯುತ್ತದೆ ಎಂಬುದನ್ನು ಕಾಯಿ ಬಾಳೆಹಣ್ಣು ಕಚ್ಚಿದ ಯಾವ ನಾಲಗೆಯೂ ಬಲ್ಲದು. ಆದರೆ ಕಬ್ಬಿಣದ ಬಾಣಲೆಯಲ್ಲಿ ನೆಲ್ಲಿಕಾಯಿ ಬೇಯಿಸಿದರೆ ಕಪ್ಪಾಗುವುದನ್ನೂ ನಾವು ಬಲ್ಲೆವಲ್ಲ? ಅದು ಒಗರು ಕಬ್ಬಿಣವನ್ನು ಹಿಡಿದುಕೊಂಡ ಗುರುತು. ಹೊಟ್ಟೆಯಲ್ಲೂ ಟ್ಯಾನಿನ್ ಮಾಡುವುದು ಇದನ್ನೇ. ಊಟದ ಕಬ್ಬಿಣ ಮೈಗೆ ಹತ್ತಲು ಬಿಡುವುದಿಲ್ಲ. ರಕ್ತ ಕಳೆದುಕೊಳ್ಳುತ್ತಿರುವವಳು ಊಟದ ಜೊತೆಗೇ ಅದನ್ನು ಕುಡಿದರೆ ಗತಿಯೇನು? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ.

"ನಮ್ಮ ಅಜ್ಜಿಯರು ಇದನ್ನೇ ಕುಡಿದು ಬದುಕಲಿಲ್ಲವೇ?" ಎನ್ನುವವರಿದ್ದಾರೆ. ಬದುಕಿದ ಅಜ್ಜಿಯರು ಕಥೆ ಹೇಳಿದರು. ನಲವತ್ತಕ್ಕೇ ಬಿಳಿಚಿಕೊಂಡು ಹೋದವರ ಕಥೆ ಹೇಳುವವರಿಲ್ಲ. ಮೇಲಾಗಿ ಬಲ್ಲ ವೈದ್ಯ ನಾಡಿ ಹಿಡಿಯುತ್ತಾನೆ, ನಾಲಗೆ ನೋಡುತ್ತಾನೆ, ಎಷ್ಟು ದಿನದಿಂದ ಎಂದು ಕೇಳುತ್ತಾನೆ. ಅಂಗಡಿಯ ಸೀಸೆ ಏನನ್ನೂ ಕೇಳುವುದಿಲ್ಲ. ಕೇಳುವುದಿಲ್ಲವೆಂದೇ ಅದು ನಮಗೆ ಪ್ರಿಯ! ನಾಚಿಕೆ ಉಳಿಯುತ್ತದೆ, ಮನೆಯವರಿಗೆ ರಜೆ ಹಾಕುವ ತೊಂದರೆ ತಪ್ಪುತ್ತದೆ, ಆಸ್ಪತ್ರೆಯ ಖರ್ಚೂ ಉಳಿಯುತ್ತದೆ. ನನ್ನ ಜಗಳ ಅಶೋಕದ ಮರದೊಂದಿಗಲ್ಲ, ಆಯುರ್ವೇದದೊಂದಿಗೂ ಅಲ್ಲ. ಹೆಂಗಸಿನ ರಕ್ತ ಎಷ್ಟು ಹೋದರೂ ಅದು ಮನೆಯೊಳಗೇ ಮುಗಿಯಬೇಕಾದ ವಿಷಯ ಎಂಬ ಈ ಏರ್ಪಾಡಿನೊಂದಿಗೆ. ಅದಕ್ಕೆ ನಾವೂ ಸಹಿ ಹಾಕಿದ್ದೇವೆ.

ಆದ್ದರಿಂದ ಸೋದರಿಯರೇ, ಟೀಚರಿನ ಅಭ್ಯಾಸಬಲದಿಂದ ಒಂದು ಮಾತು. ಸ್ರಾವ ಏಳು ದಿನ ದಾಟಿದರೆ, ಗಡ್ಡೆಗಡ್ಡೆಯಾಗಿ ಹೋದರೆ, ಮೊದಲು ಡಾಕ್ಟರರ ಬಳಿ ಹೋಗಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ಕಂಡರೂ ಆ ವಾರವೇ ಹೋಗಿ. ಯಾಕೆ ಹೋಗುತ್ತಿದೆ ಎಂದು ತಿಳಿದ ಮೇಲೆ ಯಾವ ಔಷಧಿ ಎಂದು ಯೋಚಿಸೋಣ. ನಿಮ್ಮ ಮಗಳಿಗೂ ಇದನ್ನು ಬಾಯಿಬಿಟ್ಟು ಹೇಳಿ.

ಈಗ ನಮ್ಮ ಶಾಲೆಯಲ್ಲಿ ನಿಜವಾದ ಅಶೋಕದ ಗಿಡವೊಂದನ್ನು ನೆಟ್ಟಿದ್ದೇವೆ. ಸೊಂಟದೆತ್ತರ ಬಂದಿದೆ. ಪ್ರಶ್ನೆ ಕೇಳಿದ ಆ ಹುಡುಗಿಯೇ ದಿನಾ ನೀರು ಹಾಕುತ್ತಾಳೆ.